ಚೀನೀ ವಲಸಿಗ ಕ್ರೈಸ್ತರೊಬ್ಬರ ಜೀವನಚರಿತ್ರೆಯನ್ನು ಬರೆಯುವ ಬಗೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಅಮೆರಿಕೆಗೆ ಹೋಗಿ, ಅಲ್ಲಿಯೇ ಸಂಸಾರ ಹೂಡಿ, ಚರ್ಚಿನ ಸದಸ್ಯರಾಗಿ ಬಾಳಿದ ಹಿರಿಯರ ಕುರಿತ ಬರಹಗಳು ಹೆಚ್ಚಾಗಿ ‘ಕುಟುಂಬವತ್ಸಲರು, ದೈವಭಕ್ತರು’ ಎಂಬ ಎರಡು ವಿಶೇಷಣಗಳಲ್ಲಿ ಮುಗಿದುಹೋಗುತ್ತವೆ. ಆ ಎರಡೂ ಮಾತು ನಿಜವಿರಬಹುದು. ಆದರೆ ಆ ತಲೆಮಾರಿನವರಲ್ಲಿ ಅನೇಕರಿಗೆ ಕುಟುಂಬವನ್ನು ಒಟ್ಟುಗೂಡಿಸಲು ಸರ್ಕಾರದ ಮುಂದೆ ಸುಳ್ಳು ಹೇಳದೆ ಬೇರೆ ದಾರಿಯಿರಲಿಲ್ಲ, ಮತ್ತು ಅವರು ಒಪ್ಪಿಕೊಂಡ ಧರ್ಮ ಸುಳ್ಳುಸಾಕ್ಷಿಯನ್ನು ನಿಷೇಧಿಸಿತ್ತು. ಬರೆಯುವವರು ಈ ಬಿಕ್ಕಟ್ಟನ್ನು ಬದಿಗೆ ಸರಿಸದೆ ಕೆಲಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕಾನೂನಿನ ಕಾಲಾನುಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಳ್ಳಿ. 1882ರ ಕಾಯ್ದೆ ಚೀನೀ ಕೂಲಿಕಾರ್ಮಿಕರ ಪ್ರವೇಶವನ್ನು ತಡೆಯಿತು. ವರ್ತಕರು, ವಿದ್ಯಾರ್ಥಿಗಳು, ಶಿಕ್ಷಕರಂಥ ಕೆಲವರಿಗೆ ಮಾತ್ರ ವಿನಾಯಿತಿ ಇತ್ತು. 1898ರಲ್ಲಿ ವಾಂಗ್ ಕಿಮ್ ಆರ್ಕ್ ಮೊಕದ್ದಮೆಯ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆ ನೆಲದಲ್ಲಿ ನೆಲೆಸಿದ ಚೀನೀ ದಂಪತಿಗೆ ಅಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆಯೇ ಎಂದಿತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಜನನ ದಾಖಲೆಗಳು ನಾಶವಾದವು. ಅಲ್ಲಿ ಹುಟ್ಟಿದ್ದೇವೆಂದು ಹೇಳಿಕೊಳ್ಳುವವರನ್ನು ಅಲ್ಲಗಳೆಯುವ ಪುರಾವೆ ಇಲ್ಲದಂತಾದಾಗ, ಪ್ರಜೆಗಳೆಂದು ಮಾನ್ಯರಾದವರು, ಪ್ರಜೆಯ ಮಕ್ಕಳಿಗೂ ಪ್ರವೇಶ ಸಿಗುತ್ತಿದ್ದುದರಿಂದ, ಚೀನಾದ ಊರಿನಲ್ಲಿ ತಮಗೆ ಇಷ್ಟು ಗಂಡುಮಕ್ಕಳಿದ್ದಾರೆಂದು ಬರೆಸಿ, ಆ ಸ್ಥಾನಗಳನ್ನು ನೆಂಟರಿಗೋ ಅಪರಿಚಿತರಿಗೋ ಮಾರುವ ಪದ್ಧತಿ ಹರಡಿತು. ಹೀಗೆ ಬಂದವರನ್ನೇ ‘ಕಾಗದದ ಮಕ್ಕಳು’ ಎಂದು ಕರೆದದ್ದು. 1943ರಲ್ಲಿ ನಿಷೇಧ ರದ್ದಾದರೂ ಚೀನೀಯರಿಗೆ ಸಿಕ್ಕ ವಾರ್ಷಿಕ ಪಾಲು 105 ಮಂದಿಯದು ಮಾತ್ರ. 1946ರ ತಿದ್ದುಪಡಿ ಪ್ರಜೆಗಳ ಚೀನೀ ಹೆಂಡತಿಯರನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ರಾಷ್ಟ್ರವಾರು ಪಾಲಿನ ಹಳೆಯ ಕ್ರಮ 1965ರ ಕಾಯ್ದೆಯಿಂದ ಕೊನೆಗೊಂಡಿತು. ನಿಮ್ಮ ಕಥಾನಾಯಕರು ಬಂದ ವರ್ಷವನ್ನು ಈ ಹಾಳೆಯ ಮೇಲೆ ಗುರುತಿಸಿದರೆ, ಅವರು ಯಾವ ಬಾಗಿಲಿನಿಂದ ಒಳಬಂದಿರಬಹುದೆಂಬ ಊಹೆ ಅರ್ಧ ಮುಗಿದಂತೆ.

ಮುಂದಿನ ಕೆಲಸ ಹೆಸರುಗಳದು. ಒಬ್ಬರಿಗೇ ಹುಟ್ಟಿದಾಗಿನ ಹೆಸರು, ಮದುವೆಯಲ್ಲಿ ಇಟ್ಟ ಹೆಸರು, ಪಾಸ್‌ಪೋರ್ಟಿನ ಹೆಸರು, ದೀಕ್ಷಾಸ್ನಾನದ ಹೆಸರು ಬೇರೆ ಬೇರೆಯಾಗಿರುವುದು ಸಾಮಾನ್ಯ. ಒಂದೇ ಮನೆತನದ ಹೆಸರನ್ನು ಮ್ಯಾಂಡರಿನ್ ಮಾತಿನವರು ಚೆನ್ ಎಂದೂ, ಕ್ಯಾಂಟನೀಸಿನವರು ಚಾನ್ ಎಂದೂ, ಗುವಾಂಗ್‌ಡಾಂಗಿನ ತಾಯ್‌ಶಾನ್ ಸೀಮೆಯವರು ಚಿನ್ ಎಂದೂ ಬರೆಸಿರುತ್ತಾರೆ. ಹೆಂಗಸರ ದಾಖಲೆಗಳಲ್ಲಿ ‘ವಾಂಗ್ ಶೀ’ ಎಂದಿದ್ದರೆ ಅದು ಪೂರ್ಣ ಹೆಸರಲ್ಲ, ವಾಂಗ್ ಮನೆತನದಲ್ಲಿ ಹುಟ್ಟಿದ ವಿವಾಹಿತೆ ಎಂದಷ್ಟೇ ಅರ್ಥ. ಆದ್ದರಿಂದ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿ, ಸಾಧ್ಯವಾದರೆ ಸಮಾಧಿಕಲ್ಲಿನ ಚೀನೀ ಅಕ್ಷರಗಳ ಚಿತ್ರವನ್ನು ತೆಗೆದು ಓದಬಲ್ಲವರಿಂದ ಓದಿಸಿ. ಬದುಕಿದ್ದಾಗ ಮುಚ್ಚಿಟ್ಟ ನಿಜವಾದ ಮನೆತನದ ಹೆಸರು ಮತ್ತು ಊರಿನ ಹೆಸರು ಎಷ್ಟೋ ಸಲ ಆ ಕಲ್ಲಿನ ಮೇಲೆಯೇ ಸಿಗುತ್ತವೆ.

ಹೆಸರುಗಳು ಕೈಗೆ ಬಂದ ಮೇಲೆ ವಲಸೆ ಕಡತವನ್ನು ಹುಡುಕಬೇಕು. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಮೂಲಕ ಬಂದವರ ಕಡತಗಳು ಅದೇ ಪ್ರದೇಶದ ಸ್ಯಾನ್ ಬ್ರೂನೊದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೆಸರಿನ ಜೊತೆಗೆ ಹಡಗಿನ ಹೆಸರು ಮತ್ತು ಬಂದಿಳಿದ ದಿನಾಂಕ ತಿಳಿದಿದ್ದರೆ ಹುಡುಕಾಟ ಸುಲಭವಾಗುತ್ತದೆ. 1910ರಿಂದ 1940ರವರೆಗೆ ಈ ಬಂದರಿಗೆ ಬಂದ ಚೀನೀಯರಲ್ಲಿ ಹೆಚ್ಚಿನವರನ್ನು ಏಂಜಲ್ ಐಲ್ಯಾಂಡ್ ಎಂಬ ನಡುಗಡ್ಡೆಯಲ್ಲಿ ತಡೆದು ವಿಚಾರಣೆ ನಡೆಸುತ್ತಿದ್ದರು. ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳು ಹೀಗಿರುತ್ತಿದ್ದವು: ನಿಮ್ಮ ಮನೆ ಊರಿನ ಎಷ್ಟನೆಯ ಸಾಲಿನಲ್ಲಿದೆ, ಬಾಗಿಲಿಗೆ ಎಷ್ಟು ಮೆಟ್ಟಿಲು, ಅಕ್ಕಿಯ ಡಬ್ಬ ಯಾವ ಕೋಣೆಯಲ್ಲಿದೆ, ನೀರು ಸೇದುವ ಬಾವಿ ಎಷ್ಟು ದೂರ, ಪಕ್ಕದ ಮನೆಯವನಿಗೆ ಎಷ್ಟು ಮಕ್ಕಳು. ಅವೇ ಪ್ರಶ್ನೆಗಳನ್ನು ತಂದೆಗೂ ಕೇಳಿ, ಎರಡು ಉತ್ತರಗಳು ಹೊಂದದಿದ್ದರೆ ಮಗನನ್ನು ಹಿಂದಕ್ಕೆ ಕಳಿಸುವ ಸಂಭವವಿತ್ತು. ಇದನ್ನೆಲ್ಲ ಶೀಘ್ರಲಿಪಿಕಾರರು ಬರೆದುಕೊಂಡು ಬೆರಳಚ್ಚು ಮಾಡಿದ್ದರಿಂದ, ಒಂದು ಹಳ್ಳಿಯ ಮನೆಯ ಇಂಥ ಸೂಕ್ಷ್ಮ ವರ್ಣನೆ ಜೀವನಚರಿತ್ರೆಕಾರರಿಗೆ ಬೇರೆಲ್ಲೂ ದೊರೆಯುವುದಿಲ್ಲ. ಆದರೆ ಅದನ್ನು ಹಾಗೆಯೇ ಎತ್ತಿ ಬರೆಯುವಂತಿಲ್ಲ. ಕಾಗದದ ಮಗನಾಗಿದ್ದರೆ ಆ ಮನೆ ಅವನದಲ್ಲ. ವಿಚಾರಣೆಗೆ ಸಿದ್ಧವಾಗಲೆಂದು ಉತ್ತರಗಳನ್ನು ಬರೆದುಕೊಟ್ಟಿದ್ದ, ಹಡಗಿನಲ್ಲಿ ಬಾಯಿಪಾಠ ಮಾಡಿ ನೀರಿಗೆಸೆದ ಪುಸ್ತಕದ ಮನೆ ಅದು. ಕಡತದಲ್ಲಿರುವ ತಂದೆ, ತಾಯಿ, ಅಣ್ಣತಮ್ಮಂದಿರ ಹೆಸರುಗಳನ್ನು ಮನೆಯವರು ಹೇಳುವ ಹೆಸರುಗಳ ಎದುರಿಗಿಟ್ಟು ನೋಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗುಮಾಸ್ತನ ತಪ್ಪೆಂದು ಆತುರದಿಂದ ತೀರ್ಮಾನಿಸಬೇಡಿ.

ದಿನಾಂಕಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಎಣಿಕೆಯಲ್ಲಿ ಹುಟ್ಟಿದ ಮಗುವಿಗೆ ಆಗಲೇ ಒಂದು ವರ್ಷ, ಚಾಂದ್ರಮಾನ ಹೊಸವರ್ಷ ಬಂದಾಗ ಇನ್ನೊಂದು. ಚೀನೀ ಗಣರಾಜ್ಯದ ವರ್ಷಗಳನ್ನು 1912ರಿಂದ ಎಣಿಸುತ್ತಾರೆ. ಹೀಗಾಗಿ ‘ಗಣರಾಜ್ಯದ 23ನೆಯ ವರ್ಷ, ಹನ್ನೆರಡನೆಯ ತಿಂಗಳ ಹತ್ತನೆಯ ದಿನ’ ಎಂದು ಮನೆಯವರು ಬರೆದಿಟ್ಟಿದ್ದು ಅದು ಚಾಂದ್ರಮಾನದ ಲೆಕ್ಕವಾಗಿದ್ದರೆ, 1934 ಎಂದು ಬರೆದವರು ತಪ್ಪುತ್ತಾರೆ. ಆ ದಿನ ಬೀಳುವುದು 1935ರ ಜನವರಿಯಲ್ಲಿ.

ಇನ್ನು ಕುಟುಂಬದ ಅಧ್ಯಾಯ. ಇಲ್ಲಿ ಪ್ರೀತಿಯನ್ನು ವರ್ಣಿಸಹೋಗುವುದಕ್ಕಿಂತ ಹಣದ ಹಾದಿಯನ್ನು ಹಿಂಬಾಲಿಸುವುದು ಮೇಲು. ಗಂಡ ಅಮೆರಿಕದ ಲಾಂಡ್ರಿಯಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ದುಡಿಯುತ್ತ, ಹೆಂಡತಿ ಊರಿನಲ್ಲಿ ಅತ್ತೆಮಾವಂದಿರನ್ನು ನೋಡಿಕೊಳ್ಳುತ್ತ ದಶಕಗಟ್ಟಲೆ ಬೇರೆಯಾಗಿ ಬದುಕಿದ ಸಂಸಾರಗಳಲ್ಲಿ, ಕಳಿಸಿದ ಹಣ ಮತ್ತು ಅದರೊಂದಿಗಿನ ಪತ್ರವೇ ದಾಂಪತ್ಯದ ಬಹುಭಾಗ. ಇಂಥ ಪತ್ರಗಳ ಸಂಗ್ರಹವನ್ನು ಯುನೆಸ್ಕೊ 2013ರಲ್ಲಿ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿಕೊಂಡಿದೆ. ಮನೆಯ ಪೆಟ್ಟಿಗೆಯಲ್ಲಿ ಅಂಥ ಪತ್ರಗಳಿದ್ದರೆ ಯಾವ ವರ್ಷ ಎಷ್ಟು ಹೋಯಿತು, ಯಾವುದಕ್ಕೆಂದು ಹೋಯಿತು, ಯಾವಾಗ ನಿಂತಿತು ಎಂಬುದನ್ನು ಬರೆದುಕೊಳ್ಳಿ. ಜಪಾನಿನೊಂದಿಗಿನ ಯುದ್ಧ ಮತ್ತು 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದದ್ದು ಅಲ್ಲಿ ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ನಂಬಿಕೆಯ ಅಧ್ಯಾಯ ಹೆಚ್ಚು ಕಷ್ಟದ್ದು, ಏಕೆಂದರೆ ಎಲ್ಲರೂ ಹೊಗಳುತ್ತಾರೆ, ಯಾರೂ ವಿವರ ಕೊಡುವುದಿಲ್ಲ. ಮೊದಲು ಕೇಳಬೇಕಾದದ್ದು ಅವರು ಕ್ರೈಸ್ತರಾದದ್ದು ಎಲ್ಲಿ ಎಂದು. ಗುವಾಂಗ್‌ಡಾಂಗಿನ ಮಿಷನ್ ಶಾಲೆಯಲ್ಲಾದರೆ ಅದು ಒಂದು ಕಥೆ. ಹಗಲೆಲ್ಲ ದುಡಿದು, ಇಂಗ್ಲಿಷ್ ಕಲಿಯಲೆಂದು ಚರ್ಚಿನ ರಾತ್ರಿಶಾಲೆಗೆ ಹೋಗಿ, ಕ್ರಮೇಣ ಭಾನುವಾರದ ಆರಾಧನೆಗೂ ಉಳಿದವರದು ಇನ್ನೊಂದು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಪ್ರೆಸ್ಬಿಟೇರಿಯನ್ ಚರ್ಚು 1853ರಲ್ಲೇ ಆರಂಭವಾಗಿದೆ. ಏಂಜಲ್ ಐಲ್ಯಾಂಡಿನಲ್ಲಿ ತಡೆಹಿಡಿಯಲಾದ ಹೆಂಗಸರು ಮತ್ತು ಮಕ್ಕಳ ನಡುವೆ ಮೆಥಡಿಸ್ಟ್ ಚರ್ಚಿನ ಧರ್ಮಸೇವಕಿ (ಡೀಕನೆಸ್) ಕ್ಯಾಥರೀನ್ ಮೌರರ್ 1912ರಿಂದ ಕೆಲಸ ಮಾಡಿದರು. ಅಂಥ ಭೇಟಿಯಿಂದ ಆರಂಭವಾದ ನಂಟೇ ಎಂದು ವಿಚಾರಿಸಿ. ಚರ್ಚಿನ ಕಚೇರಿಯಲ್ಲಿ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಪುಸ್ತಕಗಳನ್ನೂ, ಸಮಿತಿಗಳ ನಡಾವಳಿಗಳನ್ನೂ ನೋಡಲು ಅನುಮತಿ ಕೇಳಿ. ಖಜಾಂಚಿಯಾಗಿ ಬರೆದ ಒಂದು ಪುಟ ಲೆಕ್ಕ ನೂರು ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ.

ಮನೆಯವರನ್ನು ಮಾತನಾಡಿಸುವಾಗ ಛಿಂಗ್‌ಮಿಂಗ್ ಹಬ್ಬದ ದಿನ ಅವರು ಏನು ಮಾಡುತ್ತಿದ್ದರೆಂದು ಕೇಳುವುದನ್ನು ಮರೆಯಬೇಡಿ. ಅಂದು ಹಿರಿಯರ ಸಮಾಧಿಗೆ ಹೋಗಿ ಎಡೆಯಿಟ್ಟು ಧೂಪ ಹಚ್ಚುವುದು ಮಗನಾದವನ ಕರ್ತವ್ಯ. ಹಲವು ಮಿಷನರಿಗಳ ಕಣ್ಣಿಗೆ ಅದು ವಿಗ್ರಹಾರಾಧನೆ. ಧೂಪ ಬಿಟ್ಟು ಹೂವಿಟ್ಟು ಪ್ರಾರ್ಥಿಸಿದರೋ, ಸಮಾಧಿಯನ್ನು ಗುಡಿಸಿ ಸುಮ್ಮನೆ ನಿಂತರೋ, ತಮ್ಮನನ್ನು ಕಳಿಸಿ ತಾವು ಮನೆಯಲ್ಲುಳಿದರೋ ಎಂಬ ಉತ್ತರದಲ್ಲಿ ಕುಟುಂಬನಿಷ್ಠೆಯೂ ದೈವನಿಷ್ಠೆಯೂ ಮುಖಾಮುಖಿಯಾಗುತ್ತವೆ.

ಕೊನೆಗೆ, ಕಾಗದದ ಹೆಸರಿನ ಪ್ರಶ್ನೆಯನ್ನು ಬರವಣಿಗೆಯಲ್ಲಿ ಎದುರಿಸಲೇಬೇಕು. 1956ರಲ್ಲಿ ಸರ್ಕಾರ ತಪ್ಪೊಪ್ಪಿಗೆಯ ಯೋಜನೆಯೊಂದನ್ನು ತಂದು, ನಿಜ ಹೇಳಿದವರಿಗೆ ಸಕ್ರಮವಾಗುವ ಅವಕಾಶ ಕೊಟ್ಟಿತು. ಆದರೆ ಒಬ್ಬರ ಒಪ್ಪಿಗೆ ಅದೇ ಹೆಸರಿನಲ್ಲಿ ಬಂದ ಎಲ್ಲರನ್ನೂ ಬಯಲಿಗೆ ತರುತ್ತಿತ್ತು. ಆದ್ದರಿಂದ ನಿಮ್ಮ ಕಥಾನಾಯಕರು ಒಪ್ಪಿಕೊಂಡಿದ್ದರೆ ಅದನ್ನು ಕೇವಲ ಧರ್ಮನಿಷ್ಠೆಯೆಂದೋ, ಮೌನವಾಗಿದ್ದರೆ ಅದನ್ನು ಧರ್ಮಲೋಪವೆಂದೋ ಬರೆಯುವುದು ಸರಿಯಲ್ಲ. ಆ ಹೆಸರಿನ ನೆರಳಿನಲ್ಲಿ ಆಗ ಯಾರ ಯಾರ ಬದುಕಿತ್ತೆಂಬುದನ್ನು ಓದುಗರಿಗೆ ತಿಳಿಸಿ, ಅವರೇ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೊಡಿ. ಇಷ್ಟಾದ ಮೇಲೆ ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ಎರಡೂ ಮನೆತನಗಳವರಿಗೆ, ಎಂದರೆ ರಕ್ತಸಂಬಂಧಿಗಳಿಗೂ ಕಾಗದದ ಸಂಬಂಧಿಗಳಿಗೂ, ಓದಲು ಕೊಡಿ. ಈಗ ಕಾನೂನಿನ ಭಯವಿಲ್ಲವೆಂದು ನಿಮಗನ್ನಿಸಬಹುದು, ಆದರೆ ಮೊಮ್ಮಕ್ಕಳಿಗೂ ಹೇಳದೆ ಬದುಕಿದವರು ಇನ್ನೂ ಇದ್ದಾರೆ. ಅವರು ಬೇಡವೆಂದರೆ ಅವರ ಹೆಸರನ್ನು ಬಿಟ್ಟು ಸಂಬಂಧವನ್ನಷ್ಟೇ ಉಳಿಸಿ, ಪೂರ್ಣ ವಿವರಗಳುಳ್ಳ ಪ್ರತಿಯೊಂದನ್ನು ಕುಟುಂಬದ ವಶದಲ್ಲಿಡಿ.