ಮೂಳೆ ಮುರಿತಕ್ಕೆ ಸಿ.ಟಿ. ಸ್ಕ್ಯಾನ್: ವಿಕಿರಣದ ಪ್ರಮಾಣ ತಗ್ಗಿಸುವುದು ಹೇಗೆ?

ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ಮರವೇರಿ ಜಾರಿ ಬಿದ್ದವರು, ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಹಿರಿಯರು, ಘಾಟಿಯ ತಿರುವಿನಲ್ಲಿ ಬೈಕಿನಿಂದ ಬಿದ್ದವರು, ಹೀಗೆ ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಆಸ್ಪತ್ರೆಗಳಿಗೆ ಮೂಳೆ ಮುರಿದುಕೊಂಡು ಬರುವವರು ಇದ್ದೇ ಇರುತ್ತಾರೆ. ಇವರಲ್ಲಿ ಕೆಲವರಿಗೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ವಿಕಿರಣದ ಭಯದಿಂದ ಅದನ್ನು ಬೇಡವೆನ್ನುವುದು ತಪ್ಪು. ಆದರೆ ಮೂಳೆ ಕಾಣಲು ಅಗತ್ಯವಿರುವಷ್ಟೇ ಕಿರಣ ಬಳಸುವಂತೆ ನೋಡಿಕೊಳ್ಳಲು ಸಾಧ್ಯವಿದೆ.

ಮೊದಲು, ಸಿ.ಟಿ. ನಿಜವಾಗಿ ಬೇಕೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿನ ಮುರಿತಗಳು ಎರಡು ಕೋನಗಳಿಂದ ತೆಗೆದ ಸಾಮಾನ್ಯ ಎಕ್ಸ್-ರೇಯಲ್ಲೇ ತಿಳಿಯುತ್ತವೆ. ಮುರಿತವು ಕೀಲಿನೊಳಗೆ ಹೊಕ್ಕಿದ್ದರೆ, ಹಿಮ್ಮಡಿ, ಬೆನ್ನುಮೂಳೆ ಅಥವಾ ಸೊಂಟದ ಮೂಳೆಗೆ ಪೆಟ್ಟಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಮುನ್ನ ಚೂರುಗಳು ಎಲ್ಲಿವೆಯೆಂದು ತಿಳಿಯಬೇಕಿದ್ದರೆ ಸಿ.ಟಿ.ಯ ಪ್ರಯೋಜನ ದೊಡ್ಡದು. ಮಣಿಕಟ್ಟಿನ ಸಣ್ಣ ಮೂಳೆಯೊಂದರ ಬಿರುಕು ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದಿರಬಹುದು. ಆಗ ಪ್ಲಾಸ್ಟರ್ ಹಾಕಿ 10ರಿಂದ 14 ದಿನಗಳ ನಂತರ ಮತ್ತೆ ಎಕ್ಸ್-ರೇ ತೆಗೆಯುವುದು ಅಥವಾ ಈ ಬಗೆಯ ವಿಕಿರಣವೇ ಇಲ್ಲದ ಎಂ.ಆರ್.ಐ. ಮಾಡಿಸುವುದು ಕೂಡ ಸರಿಯಾದ ದಾರಿ.

ಯಾವ ಭಾಗದ ಸ್ಕ್ಯಾನ್ ಎಂಬುದರ ಮೇಲೆ ಪ್ರಮಾಣ ಬಹಳ ಬದಲಾಗುತ್ತದೆ. ಪ್ರಕೃತಿಯಿಂದಲೇ ನಮಗೆ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ). ಮಣಿಕಟ್ಟಿನ ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಅದರ ಒಂದು ಸಣ್ಣ ಪಾಲು ಮಾತ್ರ ಬಂದರೆ, ಸೊಂಟ ಮತ್ತು ಬೆನ್ನುಮೂಳೆಯ ಸ್ಕ್ಯಾನಿನಲ್ಲಿ ಹಲವು ಮಿಲಿಸೀವರ್ಟ್ ಬರುತ್ತದೆ, ಏಕೆಂದರೆ ಅಲ್ಲಿ ಕಿರಣವು ಹೊಟ್ಟೆಯ ಅಂಗಗಳನ್ನೂ ಹಾದುಹೋಗುತ್ತದೆ. ಗರ್ಭಿಣಿಯರು, ಗರ್ಭದ ಅನುಮಾನವಿರುವವರು ಅದನ್ನು ಮೊದಲೇ ಹೇಳಬೇಕು.

ಮೇಜಿನ ಮೇಲೆ ಮಲಗುವ ರೀತಿಯನ್ನು ಹಲವರು ಲಘುವಾಗಿ ಕಾಣುತ್ತಾರೆ, ಆದರೆ ಉಳಿತಾಯದ ದೊಡ್ಡ ಭಾಗ ಇಲ್ಲೇ ಇದೆ. ಮಣಿಕಟ್ಟು ಅಥವಾ ಮೊಣಕೈ ಸ್ಕ್ಯಾನಿಗೆ, ನೋವು ಬಿಟ್ಟುಕೊಟ್ಟರೆ, ಕೈಯನ್ನು ತಲೆಯ ಮೇಲಕ್ಕೆ ಚಾಚಿ ಮಲಗಿಸಬೇಕು. ಕೈ ಮೈಗೆ ಅಂಟಿಕೊಂಡಿದ್ದರೆ ಎದೆ ಹೊಟ್ಟೆಗಳೂ ಕಿರಣದ ದಾರಿಗೆ ಬರುತ್ತವೆ. ಪೆಟ್ಟಾದ ಭಾಗ ಯಂತ್ರದ ವೃತ್ತದ ನಟ್ಟನಡುವೆ ಇರಬೇಕು. ಬಳೆ, ಉಂಗುರ, ಲೋಹದ ಉಡಿದಾರ ತೆಗೆದಿಡಿ, ಏಕೆಂದರೆ ಲೋಹದ ಗೆರೆಗಳು ಚಿತ್ರ ಕೆಡಿಸಿದರೆ ಮರುಸ್ಕ್ಯಾನ್ ಆಗಬಹುದು. ಅಲುಗಾಡಿದರೂ ಹಾಗೆಯೇ, ಆದ್ದರಿಂದ ಮೊದಲೇ ನೋವಿನ ಔಷಧಿ ಕೊಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಟೆಕ್ನಿಷಿಯನ್ ಕೈಯಲ್ಲಿರುವ ಸಂಗತಿ. ಮೂಳೆಗೂ ಅದರ ಸುತ್ತಲ ಮಾಂಸಕ್ಕೂ ಚಿತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ಯಕೃತ್ತಿನೊಳಗಿನ ಸಣ್ಣ ಗಂಟನ್ನು ಹುಡುಕುವಾಗ ಬೇಕಾದ ನುಣುಪು ಮುರಿತ ಹುಡುಕಲು ಬೇಡ. ಚಿತ್ರ ತುಸು ತರಿತರಿಯಾಗಿದ್ದರೂ ಮುರಿತದ ಗೆರೆ ಸಾಮಾನ್ಯವಾಗಿ ತಪ್ಪಿಹೋಗುವುದಿಲ್ಲ. ಈ ಒಂದು ಗುಣವೇ ಕಡಿಮೆ ಪ್ರಮಾಣದ ಸ್ಕ್ಯಾನಿಗೆ ಆಧಾರ. ಕಿರಣ ಹೊರಡಿಸುವ ಟ್ಯೂಬಿನ ವಿದ್ಯುತ್ತನ್ನು, ಅಂದರೆ ಮಿಲಿಆಂಪಿಯರ್ ಅನ್ನು, ಅರ್ಧಕ್ಕಿಳಿಸಿದರೆ ವಿಕಿರಣವೂ ಅರ್ಧಕ್ಕಿಳಿಯುತ್ತದೆ, ತರಿ ಮಾತ್ರ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಉಳಿದುದನ್ನು ಬದಲಿಸದೆ ವೋಲ್ಟೇಜನ್ನು 120 ಕಿಲೋವೋಲ್ಟ್‌ನಿಂದ 100ಕ್ಕೆ ತಂದರೆ ವಿಕಿರಣ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ದೇಹದ ದಪ್ಪಕ್ಕೆ ತಕ್ಕಂತೆ ಕಿರಣವನ್ನು ತಾನೇ ಹೊಂದಿಸುವ ವ್ಯವಸ್ಥೆ ಇಂದಿನ ಯಂತ್ರಗಳಲ್ಲಿದೆ. ತರಿ ತಗ್ಗಿಸುವ ತಂತ್ರಾಂಶವೂ ಹಲವು ಯಂತ್ರಗಳಲ್ಲಿದೆ. ಮಕ್ಕಳಿಗಂತೂ ದೊಡ್ಡವರ ಅಳತೆಯನ್ನು ಎಂದಿಗೂ ಬಳಸಕೂಡದು. ಕೇವಲ ಮುರಿತ ನೋಡುವುದಕ್ಕೆ ಕಾಂಟ್ರಾಸ್ಟ್ (ಅಂಗಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ದ್ರವ) ಇಲ್ಲದ ಒಂದೇ ಸುತ್ತು ಸಾಕು, ಅದೂ ಪೆಟ್ಟಾದ ಜಾಗದಷ್ಟೇ ಉದ್ದಕ್ಕೆ.

ಸ್ಕ್ಯಾನ್ ಮುಗಿದ ಮೇಲೆ ಡಿ.ಎಲ್.ಪಿ. ಎಂಬ ಅಂಕಿ ಯಂತ್ರದಲ್ಲಿ ದಾಖಲಾಗುತ್ತದೆ. ಅದು ಆ ಸ್ಕ್ಯಾನಿನ ಒಟ್ಟು ವಿಕಿರಣದ ಅಳತೆ; ವರದಿಯಲ್ಲಿ ಬರೆದುಕೊಡುವಂತೆ ಕೇಳಬಹುದು.

ಕೊನೆಯದಾಗಿ, ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮಾಡಿಸಿದ ಸ್ಕ್ಯಾನನ್ನು ಶಿವಮೊಗ್ಗದಲ್ಲಿ, ಅಲ್ಲಿಂದ ಮಣಿಪಾಲದಲ್ಲಿ ಮತ್ತೆ ಮಾಡಿಸುವ ಪ್ರಸಂಗ ತಪ್ಪಬೇಕು. ಫಿಲ್ಮ್ ಮಾತ್ರ ಸಾಲದು, ಸಿ.ಡಿ.ಯನ್ನೂ ಪಡೆಯಿರಿ, ಅದರಲ್ಲಿ ಪೂರ್ಣ ದತ್ತಾಂಶವಿದ್ದರೆ ಮುಂದಿನ ವೈದ್ಯರು ಅದೇ ಸ್ಕ್ಯಾನನ್ನು ತಮಗೆ ಬೇಕಾದ ಕೋನದಿಂದ ಹೊಸದಾಗಿ ನೋಡಬಲ್ಲರು. ಮೂಳೆ ಕೂಡಿದೆಯೇ ಎಂದು ನೋಡಲು ಹೆಚ್ಚಿನವರಿಗೆ ಎಕ್ಸ್-ರೇ ಸಾಕಾಗುತ್ತದೆ. ಅದರಲ್ಲಿ ಸಂಶಯ ಉಳಿದಾಗ ಮಾತ್ರ ಮತ್ತೊಂದು ಸಿ.ಟಿ. ಮಾಡಿಸಿ.