ಎರಡು ಬ್ಯಾಟರಿ ಬದಲಿಸಿದ ಮೇಲೆ ಸಿಕ್ಕಿದ ಕಿಲುಬು

ನಮ್ಮದು ಮಲ್ಪೆಯ ಸಣ್ಣ ಟ್ರಾಲ್‌ಬೋಟು. ಕತ್ತಲೆ ಇರುವಾಗಲೇ ಹೊರಟು ಸಂಜೆಗೆ ಬಂದರಿಗೆ ಬರುತ್ತದೆ. ಸೆಲ್ಫ್ (ಇಂಜಿನ್ ಶುರು ಮಾಡುವ ಮೋಟಾರು), ಲೈಟು, ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್, ತಳದ ನೀರು ಎತ್ತುವ ಪಂಪು, ಎಲ್ಲಾ 12 ವೋಲ್ಟ್. ಎಲ್ಲದಕ್ಕೂ ಒಂದೇ ಬ್ಯಾಟರಿ ಇತ್ತು. ಒಂದೂವರೆ ವರ್ಷದಲ್ಲಿ ಅದನ್ನು ಎರಡು ಸಲ ಬದಲಿಸಿದೆ. ತೆಗೆದು ಹಾಕಿದ ಎರಡರಲ್ಲೂ ಏನೂ ತೊಂದರೆ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮೂರನೇ ಸಲ ಕೈಕೊಟ್ಟದ್ದು ಸೇಂಟ್ ಮೇರೀಸ್ ದ್ವೀಪದ ಆಚೆ. ನೀರಿನಡಿ ಬೋಟನ್ನು ತಳ್ಳುವ ಫ್ಯಾನಿಗೆ ಬಲೆ ಸುತ್ತಿಕೊಂಡಿತ್ತು. ಇಂಜಿನ್ ಬಂದ್ ಮಾಡಿ ಬಿಡಿಸಿ, ಮತ್ತೆ ಸೆಲ್ಫ್ ಹಾಕಿದರೆ ಬರೀ 'ಟಕ್'. ಬೋಟು ನಡೆಸುವ ತಂಡೇಲರು ಫೋನಿನಲ್ಲಿ, "ಬ್ಯಾಟರಿ ಹೋಯ್ತು ಮಾರಾಯ್ರೆ" ಅಂದರು. ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು. ಆ ದಿನದ ಮೀನೂ ಇಲ್ಲ, ಡೀಸೆಲ್ಲೂ ದಂಡ.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ ಅಲ್ವಾ, ಆ ಮಳೆಗಾಲ ಒಂದು ಮಲ್ಟಿಮೀಟರ್ ತಂದು ಬೋಟಿನಲ್ಲಿ ಕೂತೆ. ಅಲ್ಲಿಯ ತನಕ 12 ವೋಲ್ಟ್ ತೋರಿಸಿದರೆ ಬ್ಯಾಟರಿ ಫುಲ್ ಎಂದೇ ನಂಬಿದ್ದೆ. ಅದು ತಪ್ಪು. ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಸುಮ್ನೆ ಬಿಟ್ಟು ನೋಡಿದಾಗ 12.6, 12.7 ಇದ್ದರೆ ಫುಲ್. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ. ನಮ್ಮದು 12.7 ತೋರಿಸಿತು. ಹಾಗಾದರೆ ಸೆಲ್ಫ್ ಯಾಕೆ ತಿರುಗುವುದಿಲ್ಲ?

ಮೊದಲು ನೋಡಿದ ಎಲೆಕ್ಟ್ರಿಷಿಯನ್ ವಯರಿನ ಎರಡು ತುದಿಗೆ ಮೀಟರ್ ಇಟ್ಟು "ಬೀಪ್ ಬರ್ತದೆ, ಸರಿ ಉಂಟು" ಅಂದಿದ್ದರು. ನಾನೂ ತಲೆಯಾಡಿಸಿದ್ದೆ. ಬೀಪ್ ಬರಲು ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಸಾಕು. ಸೆಲ್ಫ್ ಎಳೆಯುವುದು ನೂರಾರು ಆಂಪ್. ಅದಕ್ಕೇ ವಯರನ್ನು ಕೆಲಸ ಮಾಡುವಾಗಲೇ ನೋಡಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಇಟ್ಟೆ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ಇಂಜಿನ್ನಿನ ಮೈಗೆ. ಒಬ್ಬ ಕಲಾಸಿ (ಬೋಟಿನ ಕೆಲಸದವ) ಸೆಲ್ಫ್ ಒತ್ತಿದ. ಕಾಲು ವೋಲ್ಟ್ ದಾಟಬಾರದು, ಇಲ್ಲಿ 1.9 ಬಂತು. ಅಷ್ಟೂ ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿಗೆ ಹೋಗುವ ಅರ್ತ್ ಕೇಬಲ್ ಹೊರಗಿನಿಂದ ಚೆಂದವೇ ಇತ್ತು. ಲಗ್ಗಿನ (ಕೇಬಲಿನ ತುದಿಗೆ ಹಾಕುವ ಲೋಹದ ಬಳೆಯ) ಹತ್ತಿರ ಸಿಪ್ಪೆ ಸೀಳಿದೆ. ಒಳಗೆ ಒಂದು ಗೇಣು ಉದ್ದಕ್ಕೂ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಉಪ್ಪುನೀರು ಲಗ್ಗಿನ ಬಾಯಿಯಿಂದ ಇಳಿದು ತಾಮ್ರವನ್ನು ತಿಂದು ಹಾಕಿತ್ತು. ಎರಡು ಬ್ಯಾಟರಿಯ ದುಡ್ಡು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು. ಹೊಸ ಬ್ಯಾಟರಿ ಹಾಕುವಾಗ ಪ್ರತಿ ಸಲ ಕ್ಲಾಂಪ್ ಉಜ್ಜಿ ಬಿಗಿ ಮಾಡುತ್ತಿದ್ದೆವು. ಅದಕ್ಕೇ ಸ್ವಲ್ಪ ದಿನ ಸರಿಯಾದ ಹಾಗೆ ಕಾಣುತ್ತಿತ್ತು.

ಈಗ ಹಾಕಿದ್ದು ತವರ ಲೇಪಿಸಿದ ತಾಮ್ರದ ಕೇಬಲ್. ಲಗ್ಗನ್ನು ಒತ್ತಿ ಕೂರಿಸಿ, ಒಳಗೆ ಅಂಟು ಇರುವ ಕೊಳವೆಯನ್ನು ಬಿಸಿ ಮಾಡಿ ಬಾಯಿ ಮುಚ್ಚಿದೆ. ಬಿಗಿ ಮಾಡಿದ ಮೇಲೆ ಗ್ರೀಸ್. ಮನೆಗೆ ಹಾಕುವ ವಯರ್ ಬೋಟಿಗೆ ಬೇಡವೇ ಬೇಡ.

ಪಂಪು ನಿಧಾನ ಆಗಿದ್ದಕ್ಕೂ ವಯರೇ ಕಾರಣ. ಅದು 1.5 ಚದರ ಮಿಲಿಮೀಟರಿನದು, ಹೋಗಿ ಬರುವ ದಾರಿ ಸೇರಿ 20 ಮೀಟರ್. ಪಂಪು 5 ಆಂಪ್ ಎಳೆದರೆ ಅಷ್ಟರಲ್ಲೇ 1.2 ವೋಲ್ಟ್ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದೆ, ನಷ್ಟ ಅರ್ಧ ವೋಲ್ಟಿಗೆ ಇಳಿಯಿತು.

ಸೆಲ್ಫಿಗೇ ಒಂದು, ಉಳಿದದ್ದಕ್ಕೆ ಇನ್ನೊಂದು ಎಂದು ಎರಡು ಬ್ಯಾಟರಿ ಮಾಡಿದೆ. ನಡುವೆ ಸ್ವಿಚ್ಚು. ಇಂಜಿನ್ ಓಡುತ್ತಿರುವಾಗ ಅದನ್ನು ಆಫ್ ಮಾಡಿದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಡಯೋಡ್ ಸುಡಬಹುದು. ಹಾಗಾಗಿ ಅದರ ಮೇಲೆ ಕೆಂಪು ಪೇಂಟಿನಲ್ಲಿ 'ಮುಟ್ಟಬೇಡಿ' ಎಂದು ಬರೆದೆ. ಎರಡನೇ ಬ್ಯಾಟರಿಯ ಪ್ಲಸ್ ಬದಿಗೆ ಒಂದು ಗೇಣಿನೊಳಗೆ ಫ್ಯೂಸ್. ಮೊದಲು ಅದೂ ಇರಲಿಲ್ಲ, ಬೆಂಕಿ ಹಿಡಿಯದಿದ್ದದ್ದು ಪುಣ್ಯ.

ಮೀಟರ್ ಬೋಟಿನಲ್ಲೇ ಇದೆ. ಹೋದ ವಾರ ತಂಡೇಲರೇ ಫೋನು ಮಾಡಿದರು: "ಬ್ಯಾಟರಿಯಲ್ಲಿ 12.5 ಉಂಟು, ಮುಂದಿನ ಲೈಟಿನ ಹತ್ರ 11.2. ಬರುವಾಗ ವಯರ್ ತನ್ನಿ."