ಮೊದಲು ಕನ್ನಡ ವಾಕ್ಯ, ಆಮೇಲೆ ಇಂಗ್ಲಿಷ್ ವ್ಯಾಕರಣ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಡಿಗ್ರಿ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯವರೇ ಜಾಸ್ತಿ. ಕನ್ನಡ ಒಂದು ದಾರಿ, ಇಂಗ್ಲಿಷ್ ಇನ್ನೊಂದು ದಾರಿ ಹಿಡಿಯುವಲ್ಲೇ ಅವರಿಗೆ ತೊಡಕು. ಅದಕ್ಕೆ ಬೋರ್ಡ್ ಮೇಲೆ ಮೊದಲು ಕನ್ನಡ ವಾಕ್ಯವನ್ನೇ ಬರೆಯುತ್ತೇನೆ.

ಪದೇ ಪದೇ ಬರುವ ಪ್ರಶ್ನೆ ‘ಸಿನ್ಸ್’, ‘ಫಾರ್’ದು. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’. ನಮಗೆ ಎರಡಕ್ಕೂ ‘ಇಂದ’ ಸಾಕು. ಹಾಗಾಗಿ ‘ಸಿನ್ಸ್ ತ್ರೀ ಡೇಸ್’ ಅಂತ ಸಲೀಸಾಗಿ ಬಾಯಿಗೆ ಬಂದುಬಿಡುತ್ತದೆ. ಶುರುವಾದದ್ದು ಯಾವಾಗ ಅಂತ ಹೇಳುತ್ತಿದ್ದರೆ ‘ಸಿನ್ಸ್ ಮಂಡೇ’. ಎಷ್ಟು ಕಾಲ ಆಯಿತು ಅಂತ ಹೇಳುತ್ತಿದ್ದರೆ ‘ಫಾರ್ ತ್ರೀ ಡೇಸ್’. ಇಷ್ಟು ಬೇಗ ತಿಳಿಯುತ್ತದೆ. ಕಷ್ಟ ಇರೋದು ಕ್ರಿಯಾಪದದಲ್ಲಿ. ‘ಮೂರು ವರ್ಷದಿಂದ ಧಾರವಾಡದಲ್ಲಿದ್ದೇನೆ’ ಅನ್ನೋದನ್ನು ‘ಐ ಆ್ಯಮ್’ ಅಂತ ಶುರು ಮಾಡುತ್ತಾರೆ. ‘ಐ ಹ್ಯಾವ್ ಬೀನ್ ಇನ್ ಧಾರವಾಡ ಫಾರ್ ತ್ರೀ ಇಯರ್ಸ್’ ಅನ್ನಬೇಕು. ನಿಯಮ ಸುಮ್ನೆ ಹೇಳಿದರೆ ನಾಲಿಗೆಗೆ ಹತ್ತುವುದಿಲ್ಲ. ಒಬ್ಬರು ತಮ್ಮ ಹಾಸ್ಟೆಲ್, ಬಾಡಿಗೆ ರೂಮಿನ ಬಗ್ಗೆ ನಿಜವಾದ ವಾಕ್ಯ ಹೇಳಬೇಕು. ಪಕ್ಕದವರು ಅದನ್ನೇ ‘ಸಿನ್ಸ್ 2023’ ಅಂತ ವರ್ಷ ಹಾಕಿ ತಿರುಗಿಸಬೇಕು. ನನ್ನ ಕ್ಲಾಸಿನಲ್ಲಿ ಇದಕ್ಕಿಂತ ಚೆನ್ನಾಗಿ ನಡೆದ ಅಭ್ಯಾಸ ಬೇರೆ ಇಲ್ಲ.

‘ಎ’, ‘ಆ್ಯನ್’ ವಿಷಯದಲ್ಲಿ ಕನ್ನಡ ಲಿಪಿಯೇ ನಮ್ಮ ಕೈ ಹಿಡಿಯುತ್ತದೆ. ಪದವನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಯುನಿವರ್ಸಿಟಿಗೆ ‘ಯು’, ಅದಕ್ಕೆ ‘ಎ ಯುನಿವರ್ಸಿಟಿ’. ನಮ್ಮ ಬಸ್ಸಿನ ಮೇಲಿರುವ ಎನ್‌ಡಬ್ಲ್ಯುಕೆಆರ್‌ಟಿಸಿಗೆ ‘ಆ್ಯನ್’. ‘ಆ್ಯನ್ ಅವರ್’ ಕೂಡ ಹೀಗೇ, ಅಲ್ಲಿ ಎಚ್ ಕೇಳಿಸೋದೇ ಇಲ್ಲ. ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಒನ್ ವೇ’ ಅಂತ ಬರೆಯುವ ರೂಢಿ ಇದೆ, ಆದರೆ ಇಂಗ್ಲಿಷಿನಲ್ಲಿ ಸದ್ದು ‘ವನ್’. ಅದಕ್ಕೆ ‘ಎ ಒನ್ ವೇ ರೋಡ್’.

ಇನ್ನು ‘ಅಲ್ವಾ?’ ನೀವು ಗದಗದವರು ಅಲ್ವಾ, ಬಸ್ ಬಂತು ಅಲ್ವಾ, ನಮಗೆ ಎಲ್ಲದಕ್ಕೂ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಆರಂಟ್ ಯು?’, ಎರಡನೆಯದಕ್ಕೆ ‘ಡಿಡಂಟ್ ಇಟ್?’. ಮಾತಿನ ಓಟದಲ್ಲಿ ಇದನ್ನೆಲ್ಲ ಯೋಚಿಸುತ್ತ ನಿಂತರೆ ಧೈರ್ಯವೇ ಹೋಗುತ್ತದೆ. ಗೆಳೆಯರ ಜೊತೆ ‘ರೈಟ್?’ ಅನ್ನಿ, ಸಾಕು. ಇಂಟರ್‌ವ್ಯೂನಲ್ಲಿ ಬಾಲ ಸೇರಿಸದೆ ನೇರವಾಗಿ ಪ್ರಶ್ನೆ ಕೇಳಿ.